ಬಾಗಿಲು ಬಂದರೆ ಹೊರಡಬೇಕು

ತಮ್ಮನೂ ನಾನೂ ದುಡಿದು ಮುಂಬೈ ಹತ್ತಿರದ ಕಲ್ಯಾಣದಲ್ಲಿ ಕೊಂಡ ಮನೆಗೆ ಇಂದು ಬಡಗಿ ಹೊಸ ಬಾಗಿಲು ಕೂರಿಸುತ್ತಿದ್ದ. ಅವನು ಚಿಲಕಕ್ಕೆ ತೂತು ಕೊರೆದಾಗ ಎದ್ದ ಮರದ ಹುಡಿಯ ವಾಸನೆ ನನ್ನನ್ನು ನೇರ ನವಿ ಮುಂಬೈಯ ಘಣಸೋಲಿಗೆ, ನಮ್ಮ ಬಾಲ್ಯಕ್ಕೆ ಎಳೆದೊಯ್ದಿತು.

ಅಪ್ಪ ಅವ್ವ ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಕಟ್ಟುತ್ತಿದ್ದ ಬಿಲ್ಡಿಂಗೇ ನಮ್ಮ ಮನೆ. ಇಡೀ ಮಹಡಿ ನಮ್ಮದು! ಬೇಕಾದ ಕೋಣೆಯಲ್ಲಿ ಒಲೆ, ಗಾಳಿ ಬರುವ ಕಡೆ ಹಾಸಿಗೆ. ಹೊಸ ಸ್ಲ್ಯಾಬು ಬಿರುಕು ಬಿಡದಿರಲೆಂದು ಅವ್ವ ಅದರ ಮೇಲೆ ಸಿಮೆಂಟಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದಳು, ಊರಲ್ಲಿ ಉಳ್ಳಾಗಡ್ಡಿಗೆ ಮಡಿ ಕಟ್ಟಿದಂತೆಯೇ. ಆ ಗೇಣುದ್ದ ನೀರಿನಲ್ಲಿ ನಾವಿಬ್ಬರೂ ಬೋರಲು ಬಿದ್ದು ಈಜುತ್ತಿದ್ದೆವು. ಎಷ್ಟೋ ಕೆಳಗೆ ಲೋಕಲ್ ಟ್ರೇನು ಆಟಿಕೆಯಂತೆ ಓಡುತ್ತಿತ್ತು.

ಪ್ರತಿ ಬಿಲ್ಡಿಂಗಿಗೂ ಕೊನೆಗೊಂದು ದಿನ ಟೆಂಪೋದಲ್ಲಿ ಬಾಗಿಲುಗಳು ಬಂದಿಳಿಯುತ್ತಿದ್ದವು. ಅವ್ವ ಆಗಲೇ ಪಾತ್ರೆಗಳ ಗಂಟು ಕಟ್ಟುತ್ತಿದ್ದಳು.

"ಬಾಗಲಾ ಬಂದ್ವು, ನಡೀರಿ. ಇನ್ನ ಮನಿ ಕೊಂಡ ಮಂದಿ ಬರ್ತಾರ."

ನಮಗೇನು, ಮುಂದಿನ ಸೆಕ್ಟರಿನಲ್ಲಿ ಮತ್ತೊಂದು ಕೆರೆ ಕಾಯುತ್ತಿರುತ್ತಿತ್ತು! ಹಿಂದಿರುಗಿ ನೋಡುತ್ತಿದ್ದವಳು ಅವ್ವ ಒಬ್ಬಳೇ.

ಇಂದು ಬಡಗಿ ಕೊನೆಯ ಸ್ಕ್ರೂ ತಿರುಗಿಸಿ ನೀರು ಕುಡಿಯಲು ಹೊರಗೆ ಹೋದದ್ದೇ ತಡ, ಅವ್ವ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಬಿಟ್ಟಳು. ಅವನು ಬಂದು ಬಡಿಯತೊಡಗಿದ.

"ಮೌಶಿ, ದರ್ವಾಜಾ ಖೋಲೋ! ಮೇರಾ ಹಥೌಡಾ ಅಂದರ್ ಹೈ!"

ಅವನ ಸುತ್ತಿಗೆ ಒಳಗೆ ಅವ್ವನ ಪಕ್ಕದಲ್ಲೇ ಬಿದ್ದಿತ್ತು. ಅವ್ವ ಬಾಗಿಲಿಗೆ ಬೆನ್ನು ಆನಿಸಿ ಕಾಲು ಚಾಚಿ ಕೂತಿದ್ದಳು. ನಗು ತಡೆಯಲಾಗದೆ ಕಣ್ಣುಗಳು ಒದ್ದೆಯಾಗಿದ್ದವು.

"ತಡಿಯೋ ಯಪ್ಪಾ," ಎಂದು ಕನ್ನಡದಲ್ಲೇ ಕೂಗಿದಳು. "ಒಳಗ ಕುಂತ್ರ ಹ್ಯಾಂಗ ಇರ್ತದ ಅಂತ ನೋಡ್ಲಿಕ್ಕತ್ತೀನಿ."