ಗಂಟಲು ಹೋದ ಮೇಲೆ ಪಿಟೀಲು

ಥೈರಾಯ್ಡ್ ಗಡ್ಡೆ ತೆಗೆಸಿಕೊಂಡು ಮನೆಗೆ ಬಂದ ಮೇಲೆ ಮೊದಲ ಸಲ ‘ಸ’ ಹಿಡಿಯಲು ಬಾಯಿ ತೆರೆದೆ. ಬಂದದ್ದು ಬರೀ ಗಾಳಿ. ಹೀಗಾಗಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆದರೂ ಶ್ರುತಿಪೆಟ್ಟಿಗೆ ಒಂದೇ ಸಮನೆ ಮೊರೆಯುತ್ತಿರುವಾಗ ಅದರ ಪಕ್ಕ ಮೂಕಳಾಗಿ ಕೂರುವುದು ಹೇಗಿರುತ್ತದೆಂದು ಅವರಿಗಾದರೂ ಏನು ಗೊತ್ತು?

ಮುಳಬಾಗಿಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ವರ್ಷಗಳಿಂದ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ಆಪರೇಷನ್ ಆದ ಕೆಲವು ವಾರಕ್ಕೆ ಮಾತು ಮರಳಿತು, ಅದೂ ಒಡಕಾಗಿ. ಮೇಲಿನ ಸ್ವರಗಳು ಬರಲೇ ಇಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಉಳಿದವಳು ಎದುರು ಮನೆಯ ಹುಡುಗಿ ಒಬ್ಬಳೇ.

“ನೀವು ಹಾಡ್ದಿದ್ರೂ ಪರವಾಗಿಲ್ಲ ಮಿಸ್. ನಾನು ಹಾಡ್ತೀನಿ, ತಪ್ಪಾದ್ರೆ ಕೈ ಎತ್ತಿ,” ಅಂದಳು.

ಹಾಗೇ ಕೆಲವು ವಾರ ನಡೆಯಿತು. ಕೈ ಎತ್ತಿದರೆ ತಪ್ಪಿದೆಯೆಂದು ಅವಳಿಗೆ ತಿಳಿಯುತ್ತಿತ್ತು. ಸರಿ ಯಾವುದೆಂದು ತಿಳಿಯುತ್ತಿರಲಿಲ್ಲ. ಒಂದು ಸಂಜೆ ಹಾಡಿನ ಒಂದೇ ಜಾಗದಲ್ಲಿ ಎಡವಿ ಎಡವಿ ಅವಳ ಕಣ್ಣು ತುಂಬಿತು. ಅವಳು ಹೋದ ಮೇಲೆ ಗಂಡನಿಗೆ ಹೇಳಿದೆ: “ನಾನು ಪಿಟೀಲು ಕಲೀತೀನಿ.”

ಅತ್ತೆಗೆ ಚಿಂತೆಯಾದರೆ ಮಾತು ತೆಲುಗಿಗೆ ಹೊರಳುತ್ತದೆ. “ಈ ವಯಸ್ಸುಲೋ ಎಂದುಕಮ್ಮಾ ಈ ಬಾಧ?” ಅಂದರು. ಈ ವಯಸ್ಸಿನಲ್ಲಿ ಈ ಕಷ್ಟ ಯಾಕೆ ಎಂದು ಅವರ ಕೊರಗು. ನಾನು ಮರುದಿನವೇ ಕೋಲಾರದ ಬಸ್ಸು ಹತ್ತಿದೆ.

ಅಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಮನೆಯಲ್ಲೇ ಪಿಟೀಲು ಕಲಿಸುತ್ತಿದ್ದರು. ನನ್ನ ಕತೆಯನ್ನೆಲ್ಲ ಕೇಳಿ ಅವರೇನೂ ಮರುಗಲಿಲ್ಲ.

“ನಿಮಗೆ ಕಿವಿ ಇದೆ. ಅದೇ ತೊಂದರೆ. ಚಿಕ್ಕ ಮಕ್ಕಳಿಗೆ ತಮ್ಮ ಅಪಸ್ವರ ಕೇಳಿಸಲ್ಲ, ಖುಷಿಯಾಗಿ ಉಜ್ಜುತ್ತಾರೆ. ನಿಮಗೆ ಪ್ರತಿಯೊಂದೂ ಕೇಳಿಸುತ್ತೆ. ತಡ್ಕೋತೀರಾ?”

“ತಡ್ಕೋತೀನಿ ಸಾರ್.”

ತಡೆದುಕೊಳ್ಳುವುದು ನಾನಂದುಕೊಂಡಷ್ಟು ಸುಲಭವಿರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ಕಮಾನು ಎಳೆದರೆ ತುಕ್ಕು ಹಿಡಿದ ಗೇಟು ತೆರೆದಂತೆ ಸದ್ದು. ನನಗಿಂತ ಚಿಕ್ಕವರು, ಹಲ್ಲು ಬಿದ್ದ ಮಕ್ಕಳು, ಪಕ್ಕದಲ್ಲಿ ಕೂತು ನನಗಿಂತ ನೀಟಾಗಿ ನುಡಿಸುತ್ತಿದ್ದರು. ಬೆರಳ ತುದಿಗಳಲ್ಲಿ ತಂತಿಯ ಗೆರೆ ಕೂತು, ಪಾತ್ರೆ ತೊಳೆಯುವಾಗ ಸೋಪಿನ ನೀರು ತಾಗಿ ಉರಿಯುತ್ತಿತ್ತು. ಮನೆಯಲ್ಲಿ ನಾನು ಸಾಧನೆಗೆ ಕೂತರೆ ಅತ್ತೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಕೆಲವೊಮ್ಮೆ ನಾನು ಕಮಾನು ಕೆಳಗಿಟ್ಟು ಅತ್ತುಬಿಡುತ್ತಿದ್ದೆ. ಅತ್ತು ಮುಗಿಸಿ ಮತ್ತೆ ಎತ್ತಿಕೊಳ್ಳುತ್ತಿದ್ದೆ. ಒಂದು ವಾರವೂ ಪಾಠ ತಪ್ಪಿಸಲಿಲ್ಲ. ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಮಾರುಕಟ್ಟೆಯ ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತರೆ ಇಳಿದು ನಡೆದೇ ಹೋಗುತ್ತಿದ್ದೆ.

ಎರಡನೆಯ ವರ್ಷ ಸ್ವರಾಭ್ಯಾಸದ ಮೊದಲ ಪಾಠಗಳಾದ ಸರಳೆಗಳು ಶುದ್ಧವಾಗಿ ಬಂದವು. ಅಷ್ಟರಲ್ಲಿ ಗಂಟಲೂ ಸ್ವಲ್ಪ ತೆರೆದಿತ್ತು. ಆದರೆ ತಗ್ಗಿನ ಶ್ರುತಿಯಲ್ಲಿ, ಕೆಳಗಿನ ಕೆಲವೇ ಸ್ವರ.

“ಬರೋ ಸ್ವರಗಳಲ್ಲೇ ಏನಾದ್ರೂ ಕಟ್ಟಿ ತನ್ನಿ,” ಅಂದರು ಗುರುಗಳು.

ಮೋಹನ ರಾಗದಲ್ಲಿ, ಮೂರನೆಯ ಸ್ವರವಾದ ಗಾಂಧಾರಕ್ಕಿಂತ ಮೇಲೆ ಹೋಗದ ಹಾಗೆ, ಬೆಳಗಿನ ಬಸ್ಸಿನ ಬಗ್ಗೆ ಮಕ್ಕಳ ಹಾಡೊಂದು ಕಟ್ಟಿದೆ. ಅವರು ಕಣ್ಣು ಮುಚ್ಚಿ ಕೇಳಿ, “ಕೊನೇ ಸಾಲು ಮೊದಲ್ನೇ ಸಾಲನ್ನೇ ಮತ್ತೆ ಹೇಳ್ತಿದೆ, ತೆಗೀರಿ. ಉಳಿದದ್ದು ಇರ್ಲಿ,” ಅಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಯಾರು ನೋಡಿದರೂ ಲೆಕ್ಕಿಸದೆ ಅದನ್ನೇ ಗುನುಗುತ್ತಿದ್ದೆ.

ಆ ಹಾಡನ್ನು ಎದುರು ಮನೆಯ ಹುಡುಗಿ ಮೊದಲು ಕಲಿತಳು. ಈಗ ಎಡವಿದರೆ ನಾನು ಕೈ ಎತ್ತುವುದಿಲ್ಲ, ಸರಿಯಾದ ಸ್ವರ ನುಡಿಸುತ್ತೇನೆ. ಅವಳ ದನಿ ಹುಡುಕಿಕೊಂಡು ಬಂದು ಅದರ ಮೇಲೆ ಕೂರುತ್ತದೆ. ಅವಳ ಬಾಯಿಂದ ಸುದ್ದಿ ಹರಡಿ ಬಿಟ್ಟುಹೋದವರಲ್ಲಿ ಕೆಲವರು ಮರಳಿದರು.

ಹೋದ ಭಾನುವಾರ ಶ್ರೀನಿವಾಸಪುರದ ಕಡೆಯ ತಾಯಿಯೊಬ್ಬಳು ಮಗಳನ್ನು ಕರೆತಂದಳು. ನನ್ನ ಒಡಕು ದನಿ ಕೇಳಿ ಬಾಗಿಲಲ್ಲೇ ನಿಂತಳು.

“ತಪ್ಪು ತಿಳ್ಕೋಬೇಡಿ ಮೇಡಂ. ಈ ಗಂಟಲಲ್ಲಿ ಹಾಡು ಹೆಂಗೆ ಹೇಳ್ಕೊಡ್ತೀರಿ?”

“ಒಳಗೆ ಬಂದು ಕೂತ್ಕೊಳ್ಳಿ,” ಅಂದು ಕಮಾನಿಗೆ ರಾಳ ಉಜ್ಜತೊಡಗಿದೆ. “ಪಾಠ ಶುರುವಾಗುತ್ತೆ.”