ಲಂಗದ ಒಳಗಿನ ಕಿಸೆ

ಅಳತೆಯ ಟೇಪು ಎದೆಗೆ ತಾಗಿದ್ದೇ ತಡ, ಹುಡುಗಿ ನೋವಿನಿಂದ ಹಿಂದೆ ಸರಿದಳು. ಆರನೇ ತರಗತಿಯವಳು. ಶಾಲೆಯ ಸಮವಸ್ತ್ರ ಹೊಲಿಸಲು ಶಲವಡಿಯಿಂದ ಅಪ್ಪನ ಜೊತೆ ಅಣ್ಣಿಗೇರಿಯ ನನ್ನ ಟೇಲರಿಂಗ್ ಅಂಗಡಿಗೆ ಬಂದಿದ್ದಳು. ಅಪ್ಪ ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತಿದ್ದರು.

"ಅಕ್ಕಾರ, ಒಳಗ ಗಂಟ ಆಗೇತ್ರಿ," ಎಂದಳು ಮೆಲ್ಲಗೆ. "ನಮ್ಮವ್ವಗೂ ಹಿಂಗ ಗಂಟ ಆಗಿತ್ರಿ. ಆಮ್ಯಾಲೆ ಆಕಿ ಉಳೀಲಿಲ್ಲ."

ಅಳತೆ ಬಿಟ್ಟು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನೋವು ಎರಡೂ ಕಡೆ ಇತ್ತು. ಒಳಬಟ್ಟೆಗೆ ಆಗಾಗ ಬಿಳಿ ಹೋಗುತ್ತಿತ್ತು. ಅಜ್ಜಿ ಅದನ್ನು ಉಷ್ಣವೆಂದು ಮಜ್ಜಿಗೆ ಕುಡಿಸುತ್ತಿದ್ದರಂತೆ.

"ಇದು ಬ್ಯಾನಿ ಅಲ್ಲ ತಂಗಿ. ನೀ ಬೆಳ್ಯಾಕ ಹತ್ತೀದಿ. ಇನ್ನ ಕೆಲವು ತಿಂಗಳದಾಗ ದೊಡ್ಡಾಕಿ ಆಗಬಹುದು. ರಕ್ತ ಕಂಡ್ರ ಅಂಜಬ್ಯಾಡ," ಎಂದೆ. ಪ್ಯಾಡ್ ಹೇಗೆ ಇಟ್ಟುಕೊಳ್ಳಬೇಕೆಂದು ಬಟ್ಟೆಯ ತುಂಡಿನಲ್ಲಿ ತೋರಿಸಿದೆ. ಮನಸ್ಸಿನ ಸಮಾಧಾನಕ್ಕೆ ಒಮ್ಮೆ ನರ್ಸಬಾಯಿಗೂ ತೋರಿಸಲು ಹೇಳಿದೆ.

ಹೊರಗಿದ್ದ ಅಪ್ಪನಿಗೆ ಮಾತೆಲ್ಲ ಕೇಳಿಸಿತ್ತು. ಹೊರಡುವಾಗ ಅವರು ರಸ್ತೆಯನ್ನೇ ನೋಡುತ್ತ, "ಅಕ್ಕಾರ, ಲಂಗದ ಒಳಗ ಒಂದ ಕಿಸೆ ಇಡ್ರಿ. ಆ ಪ್ಯಾಡ್ ಹಿಡಿಯೂವಷ್ಟು. ಸಾಲ್ಯಾಗ ಆದ್ರ ಕೂಸು ಯಾರನ್ನ ಕೇಳಬೇಕ್ರಿ?" ಎಂದರು.

ಆ ಕಿಸೆಯನ್ನು ಎರಡು ಸಲ ಹೊಲಿದೆ. ಮೊದಲ ಸಲ ಕಣ್ಣು ಮಂಜಾಗಿ ಹೊಲಿಗೆ ಸೊಟ್ಟ ಬಿತ್ತು. ನಾನು ದೊಡ್ಡವಳಾಗಿ ಮೂಲೆಯಲ್ಲಿ ಕೂತಿದ್ದಾಗ ನಮ್ಮಪ್ಪ, ಊಟ ಆಯಿತೇ ಎಂದೂ ಕೇಳಿರಲಿಲ್ಲ.