ಕಾರಿನ ನೆತ್ತಿಯ ನೆಗ್ಗು

1954ರ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಸಿದ್ದಾಪುರದ ಬಳಿಯ ಚಿಕ್ಕಪ್ಪನ ತೋಟದಲ್ಲಿ, ಅವರ ಕಪ್ಪು ಕಾರಿನ ನೆತ್ತಿಯ ಮೇಲೆ ಒಂದು ನೆಗ್ಗು ಕಂಡುಬಂತು. ಮಾಳಿಗೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ ಚಿಕ್ಕಪ್ಪನೇ ಅದನ್ನು ಮೊದಲು ನೋಡಿದವರು. ಊಟದ ತಟ್ಟೆಯಷ್ಟು ಅಗಲ, ಎರಡು ಬೆರಳು ಆಳ. ಬಣ್ಣ ಕಿತ್ತಿರಲಿಲ್ಲ.

ನಾನು ಮೈಸೂರಿನ ಪತ್ರಿಕೆಯೊಂದಕ್ಕೆ ಸೇರಿ ಎಂಟು ತಿಂಗಳಾಗಿತ್ತು, ರಜೆಯಲ್ಲಿ ಬಂದಿದ್ದೆ. ಯಾರೂ ಕೇಳದಿದ್ದರೂ ನೋಟ್‌ಬುಕ್ ಹಿಡಿದು ವಿಚಾರಣೆಗೆ ಇಳಿದೆ.

ಹಿಂದಿನ ದಿನ ನಾವು ವಿರಾಜಪೇಟೆ ಕಡೆಯ ಅತ್ತೆಯ ಮನೆಗೆ ಊಟಕ್ಕೆ ಹೋಗಿದ್ದೆವು. ಅತ್ತೆ ಕೊಟ್ಟ ಅರ್ಧ ಹಲಸಿನ ಹಣ್ಣನ್ನು ಡಿಕ್ಕಿಯಲ್ಲಿಟ್ಟುಕೊಂಡು ನಾಲ್ಕು ಗಂಟೆಗೆ ಮರಳಿದೆವು. ಆಮೇಲೆ ಪೆಟ್ರೋಲಿಗೆಂದು ಸಿದ್ದಾಪುರಕ್ಕೆ ಹೋದ ಡ್ರೈವರ್ ಒಂದು ಗಂಟೆ ತಡವಾಗಿ ಬಂದರು. ಅಂದು ಸಂತೆ.

"ಕೂಲಿ ಲೈನಿನವರ ಮೂಟೆಯೆಲ್ಲ ಮೇಲೆ ಹೇರ್ಕೊಂಡು ಬಂದಿದ್ದೀಯ. ಕಾರೋ ಇದು, ಎತ್ತಿನ ಗಾಡಿಯೋ?" ಎಂದರು ಚಿಕ್ಕಪ್ಪ.

"ಪಡಚೋನಾಣೆ, ದೇವರಾಣೆ ಇಲ್ಲ ಸಾವ್ಕಾರೆ," ಎಂದರು ಡ್ರೈವರ್. ಮಲಯಾಳ ಮನೆಮಾತಿನ, ಐವತ್ತರ ಆಸುಪಾಸಿನವರು. "ಸಂತೆ ಜನ, ದಾರಿ ಬಿಡ್ಲಿಲ್ಲ. ಬೆಳಿಗ್ಗೆ ತೊಳೆಯುವಾಗ ಮೇಲೆ ಮೇಣ ಅಂಟಿತ್ತು, ಸೀಮೆಎಣ್ಣೆ ಹಾಕಿ ಒರೆಸಿದೆ. ನೆಗ್ಗಿದ್ದು ಕಣ್ಣಿಗೆ ಬೀಳ್ಲಿಲ್ಲ."

"ಯಾವ ಮೇಣ?" ಎಂದೆ.

"ನಿನ್ನೆ ಹಲಸು ತಂದ್ವಲ್ಲ, ಅದರದ್ದೇ ಇರ್ಬೇಕು."

"ಹಲಸು ಇದ್ದದ್ದು ಡಿಕ್ಕಿಯಲ್ಲಿ. ಮೇಣ ಮೇಲೆ ಹತ್ತಿದ್ದು ಹೇಗೆ?"

"ಅದು ನಂಗೆ ಹೇಗೆ ಗೊತ್ತಾಗ್ಬೇಕು ಸಾರ್?"

'ಹೇಳಿಕೆ ಹೊಂದುವುದಿಲ್ಲ' ಎಂದು ಬರೆದುಕೊಂಡೆ. ಅತ್ತೆಯ ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಅಲ್ಲಿಗೆ ಹನ್ನೆರಡು ಮೈಲಿ.

ಡ್ರೈವರನ್ನು ಕೆಲಸದಿಂದ ಬಿಡಿಸುವುದೆಂದು ಚಿಕ್ಕಪ್ಪ ತೀರ್ಮಾನಿಸಿದರು. ತೋಟದ ಕಾಗದಪತ್ರ ನೋಡುವ ರೈಟರ್ ಅಂದು ರಜೆ. "ಪೇಪರಿನವನು ನೀನೇ ಇದ್ದೀಯಲ್ಲ, ಬರಿ," ಎಂದರು ಚಿಕ್ಕಪ್ಪ. ಕೆಲಸ ಬಿಟ್ಟವರಿಗೆ ಕೊಡುವ ಚೀಟಿಯದು. ಅದನ್ನು ನೋಡದೆ ಬೇರೆ ತೋಟದವರು ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಹನ್ನೊಂದು ವರ್ಷ ಕೆಲಸ ಮಾಡಿದ್ದಾರೆ ಎಂಬುದರ ಕೆಳಗೆ ಸೇರಿಸಿದೆ: 'ಕಾರಿಗೆ ಹಾನಿ ಮಾಡಿ, ಗುರುತು ಅಳಿಸಿ, ಸುಳ್ಳು ಹೇಳಿದ್ದರಿಂದ ಬಿಡಿಸಲಾಗಿದೆ.' ಆ ವಾಕ್ಯ ಈಗಲೂ ನನಗೆ ಬಾಯಿಪಾಠ. ಚಿಕ್ಕಪ್ಪ ಸಹಿ ಹಾಕಿದರು. ಡ್ರೈವರ್‌ಗೆ ಓದಲು ಬರುತ್ತಿರಲಿಲ್ಲ. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, ನನಗೂ ಕೈ ಮುಗಿದು ಹೋದರು.

ಮರುವರ್ಷ ಮೇನಲ್ಲಿ ಅತ್ತೆಯ ಮನೆಗೆ ಹೋದಾಗ ಅಂಗಳದಲ್ಲಿ ಹಲಸು ಹೆಚ್ಚುತ್ತಿದ್ದರು. ಅತ್ತೆ ಕೈಗೆ ಎಣ್ಣೆ ಸವರಿಕೊಳ್ಳುತ್ತ ನಕ್ಕರು.

"ಹೋದ ವರ್ಷ ನೀವೆಲ್ಲ ಒಳಗೆ ಊಟಕ್ಕೆ ಕೂತಿದ್ರಿ, ಡ್ರೈವರ್ ಹಿಂದೆ ಅಡುಗೆಮನೆಯಲ್ಲಿ. ಆಗ ಆ ಮರದಿಂದ ಒಂದು ದೊಡ್ಡ ಹಣ್ಣು ಬಿತ್ತು ನೋಡು. ಹೋಗಿ ನೋಡಿದ್ರೆ ಕಾರಿನ ಪಕ್ಕದಲ್ಲೇ ಬಿದ್ದಿದೆ ಮಾರಾಯ! ಒಂದು ಗೇಣಿನಲ್ಲಿ ತಪ್ಪಿತು, ಇಲ್ಲಾಂದ್ರೆ ನಿನ್ನ ಚಿಕ್ಕಪ್ಪನ ಕೈಯಲ್ಲಿ ನಮಗೆಲ್ಲ ಮಂಗಳಾರತಿ ಅಂತ ನಕ್ಕಿದ್ದೇ ನಕ್ಕಿದ್ದು. ಅದರದ್ದೇ ಅರ್ಧ ನಿಮಗೆ ಕೊಟ್ಟು ಕಳಿಸಿದ್ದಲ್ವ?"

ಕಾರು ನಿಂತಿದ್ದ ಜಾಗಕ್ಕೆ ಹೋಗಿ ತಲೆಯೆತ್ತಿದೆ. ಹಣ್ಣು ಬಿಡುವ ಕೊಂಬೆ ನೇರ ಮೇಲಿತ್ತು.

ತಪ್ಪು ಡ್ರೈವರದಲ್ಲ ಎಂದು ಅಂದೇ ಹೊಸ ಚೀಟಿ ಬರೆದೆ. ಚಿಕ್ಕಪ್ಪ ಅದಕ್ಕೂ ಸಹಿ ಹಾಕಿದರು. ಸಿದ್ದಾಪುರದಲ್ಲಿ ಡ್ರೈವರ್ ಇದ್ದ ಮನೆಯಲ್ಲಿ ಬೇರೆಯವರಿದ್ದರು. ಐದು ತೋಟಗಳಲ್ಲಿ ಚೀಟಿ ತೋರಿಸಿ ಕೆಲಸ ಕೇಳಿದ್ದರು, ಎಲ್ಲೂ ಸಿಗದೆ ಸಂಸಾರ ಸಮೇತ ಮಲಬಾರಿಗೆ ಇಳಿಯುವ ಮಾಕುಟ್ಟದ ದಾರಿಯಲ್ಲಿ ಹೋದರು ಎಂದು ಪಕ್ಕದ ಅಂಗಡಿಯವರು ಹೇಳಿದರು.

1956ರಲ್ಲಿ, ಕೊಡಗು ರಾಜ್ಯ ಮೈಸೂರಿಗೆ ಸೇರುವ ಕೆಲವು ವಾರ ಮೊದಲು, ಆ ದಾರಿಯ ಬಸ್ಸಿನ ಕಂಡಕ್ಟರೊಬ್ಬರು ಡ್ರೈವರನ್ನು ಘಟ್ಟದ ಕೆಳಗಿನ ಇರಿಟ್ಟಿಯಲ್ಲಿ ಕಂಡಿದ್ದರು. ಬಸ್ಸುಗಳ ಮೇಲೆ ಮೂಟೆ ಹೇರುವ ಕೆಲಸದಲ್ಲಿದ್ದರಂತೆ. ಹೊಸ ಚೀಟಿಯನ್ನು ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಮುಂದಿನ ವಾರ ಅದು ಹಿಂದೆ ಬಂತು. ಅವರು ಅಲ್ಲಿಂದಲೂ ಹೋಗಿದ್ದರು.